ನಡುವಿನ ಹೆಲಿಕಾಪ್ಟರನ್ನು ಬಿಚ್ಚಿ ನೋಡಿದವರು ಯಾರು?

ನಂಬುವುದು ನನ್ನ ಸ್ವಭಾವದಲ್ಲಿಲ್ಲ. ಚಿಕ್ಕವಳಿದ್ದಾಗ ಇತ್ತೋ ಏನೋ, ಮೂರನೇ ಕ್ಲಾಸಿಗೆ ಶಾಲೆ ಬಿಡುವಾಗ ಸ್ಲೇಟಿನ ಜೊತೆ ಅದನ್ನೂ ಅಲ್ಲೇ ಬಿಟ್ಟು ಬಂದಿರಬೇಕು. ಮೀನಿನವನು ಈಗಷ್ಟೇ ಬಂದ ಮೀನು ಎಂದರೆ ಕಿವಿರು ಎತ್ತಿ ನೋಡುತ್ತೇನೆ. ಮಗಳನ್ನು ನೋಡಲು ಬಂದವರು ನಮ್ಮ ಹುಡುಗ ಕುಡಿಯುವುದಿಲ್ಲ ಎಂದಾಗ, ಕಾಫಿ ಕೊಡುವ ನೆಪದಲ್ಲಿ ಬಗ್ಗಿ ಹುಡುಗನನ್ನು ಮೂಸಿ ನೋಡಿದವಳು ನಾನು. ಹಾಗಿರುವಾಗ ಸರಕಾರ ಸೈನ್ಯಕ್ಕೆ ಹೆಲಿಕಾಪ್ಟರ್ ತೆಗೆದುಕೊಂಡಿದೆ, ಬಹಳ ಒಳ್ಳೆಯ ಹೆಲಿಕಾಪ್ಟರ್ ಎಂದು ಟೀವಿಯವರು ಹೇಳಿದ ಕೂಡಲೇ ನಂಬಿಬಿಡಲು ಸಾಧ್ಯವೇ?

ನಾನು ಬೀಡಿ ಕಟ್ಟುವವಳು. ಲಾಯಿಲದ ನಮ್ಮ ಮನೆಯಲ್ಲಿ ಮಡಿಲಿನ ಮೇಲೆ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ, ಎದುರಿಗೆ ಟೀವಿ. ಕೈ ತನ್ನಷ್ಟಕ್ಕೆ ಸುತ್ತುತ್ತದೆ, ಬಾಯಿ ತನ್ನಷ್ಟಕ್ಕೆ ಬೈಯುತ್ತದೆ. ಟೀವಿಯಲ್ಲಿ ಒಬ್ಬ ಇಂಥ ಹೆಲಿಕಾಪ್ಟರ್ ಬೇರೆಲ್ಲೂ ಇಲ್ಲ ಎಂದು ಕಿರುಚಿದ. ಇನ್ನೊಬ್ಬ ಇದು ಶುದ್ಧ ಮೋಸ ಎಂದು ಕಿರುಚಿದ. ಇಬ್ಬರ ಕೈಯೂ ಬೆಳ್ಳಗೆ ಇತ್ತು, ಒಬ್ಬನಿಗೂ ಗ್ರೀಸು ತಾಗಿದ ಗುರುತಿರಲಿಲ್ಲ. ಹೆಲಿಕಾಪ್ಟರನ್ನು ನಾನು ಹತ್ತಿರದಿಂದ ಕಂಡದ್ದು ಒಮ್ಮೆ ಮಾತ್ರ. ಯಾರೋ ದೊಡ್ಡವರು ಉಜಿರೆಗೆ ಬಂದಾಗ ಮೈದಾನದ ಬೇಲಿಯ ಹತ್ತಿರ ನಿಂತಿದ್ದೆ. ಬಾಯಿ ತುಂಬ ಧೂಳು ಹೋಯಿತು, ದೊಡ್ಡವರು ಕಾಣಲೇ ಇಲ್ಲ. ಅವತ್ತಿನಿಂದ ನನಗೂ ಅದಕ್ಕೂ ಅಷ್ಟಕ್ಕಷ್ಟೆ.

ಇನ್ನೊಂದು ವಿಷಯವನ್ನು ಒಪ್ಪಿಕೊಂಡುಬಿಡುತ್ತೇನೆ. ಬೀಡಿಗಳನ್ನು ಇಪ್ಪತ್ತೈದರಂತೆ ಸೇರಿಸಿ ನೂಲು ಸುತ್ತಿದರೆ ಒಂದು ಕಟ್ಟು. ಕಟ್ಟಿನ ಸುತ್ತಲಿನ ಬೀಡಿಗಳ ಮೈ ಕಾಣುತ್ತದೆ, ನಡುವಿನವುಗಳ ತಲೆ ಮಾತ್ರ. ಹಾಗಾಗಿ ಹರಿದ ಎಲೆಗೆ ತೇಪೆ ಹಾಕಿದ್ದು, ಪುಡಿ ಕಡಿಮೆಯಾಗಿ ಸೊರಗಿದ್ದು, ಎಲ್ಲವೂ ನಡುವಿಗೆ ಹೋಗುತ್ತವೆ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ತೀರಿಹೋದ ನನ್ನ ಗಂಡ ದಿನಾ ಬೀಡಿ ಸೇದುತ್ತಿದ್ದರು, ಆದರೆ ಅಂಗಡಿಯಿಂದ ತಂದು. ನನ್ನ ಕಟ್ಟಿನ ನಡುವೆ ಏನಿದೆ ಎಂದು ಅವರಿಗೆ ಗೊತ್ತಿತ್ತು. ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಮಾತ್ರ ಗೊತ್ತಿರಲಿಲ್ಲ. ನಲವತ್ತು ವರ್ಷಗಳಲ್ಲಿ ನನ್ನ ಒಂದು ಬೀಡಿಯನ್ನೂ ಅಲ್ಲಿ ಆರಿಸಿ ಎಸೆದದ್ದಿಲ್ಲ. ಕಮಲಕ್ಕನ ಕಟ್ಟು ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಎನ್ನುವ ಹೆಸರು. ಚಿನ್ನ ಇಲ್ಲ, ಜಾಗ ಇಲ್ಲ, ಊರಿನಲ್ಲಿ ನನ್ನ ಮರ್ಯಾದೆ ಎಂದರೆ ಅದೊಂದೇ.

ಆ ಸೋಮವಾರ ಬ್ರಾಂಚಿನಲ್ಲಿ ಸಾಲು ಉದ್ದ ಇತ್ತು. ಚೆಕ್ಕರ್ ಸದಾನಂದ ಮೇಜಿನ ಹಿಂದೆ ಕೂತು, ಎಂದಿನಂತೆ ತಲೆ ಎತ್ತದೆ, ಒಬ್ಬೊಬ್ಬರ ಕಟ್ಟು ತಿರುಗಿಸಿ ನೋಡುತ್ತಿದ್ದ. ನನ್ನ ಹಿಂದೆ ನೆರೆಮನೆಯ ಐಸಮ್ಮ.

"ಹೆಲಿಕಾಪ್ಟರ್ ಬಂತಂತೆ ಕಮಲಕ್ಕ. ಇನ್ನಾದ್ರೂ ನಿಮಗೆ ನಿದ್ರೆ ಬರ್ಬಹುದು," ಎಂದಳು.

"ಬಂದದ್ದು ಹೌದು. ನೋಡಿ ತಗೊಂಡದ್ದು ಯಾರು?"

"ದೊಡ್ಡ ಆಫೀಸರ್‌ಗಳು ಹೋಗಿ, ಒಳಗೆ ಕೂತು ನೋಡಿದ್ದಾರಂತೆ ಮಾರಾಯ್ತಿ."

"ಕೂತು ನೋಡಿದ್ರೆ ಎಂತ ಗೊತ್ತಾಗ್ತದೆ? ಕನ್ಯಾನದ ನನ್ನ ತಮ್ಮ ಹಳೇ ಜೀಪು ತಗೊಂಡದ್ದು ಕೂತು ನೋಡಿಯೇ. ಕೂತ್ಕೊಳ್ಳಿಕ್ಕೆ ಏನೂ ತೊಂದರೆ ಇಲ್ಲ, ಇವತ್ತಿಗೂ ಕೋಳಿಗಳು ಅದ್ರಲ್ಲೇ ಕೂತ್ಕೊಳ್ಳುವುದು. ಹೊರಡ್ಲಿಕ್ಕೆ ಮಾತ್ರ ಅದಕ್ಕೆ ಮನಸ್ಸಿಲ್ಲ."

ಸಾಲಿನವರೆಲ್ಲ ನಕ್ಕರು. ಜನ ನಕ್ಕರೆ ನನ್ನ ಬಾಯಿಗೆ ಬ್ರೇಕು ಹಿಡಿಯುವುದಿಲ್ಲ.

"ಮಾರುವವನು ತೋರಿಸುವುದು ಯಾವತ್ತೂ ಚಂದದ್ದನ್ನೇ. ನಡುವಿನದ್ದು ಬಿಚ್ಚಿ ನೋಡ್ಬೇಕು," ಎಂದೆ.

"ಹೆಲಿಕಾಪ್ಟರಿಗೆ ಎಂತ ನಡು?"

"ಸಾಲಾಗಿ ನಿಲ್ಲಿಸಿದ್ರೆ ನಡುವೆ ಒಂದು ಇರ್ತದಾ ಇಲ್ವಾ? ಅದರ ಮೈಗೆ ತೇಪೆ ಉಂಟಾ, ಒಳಗೆ ತುಂಬಿಸಿದ್ದು ಸರಿ ಉಂಟಾ, ನೋಡ್ಬೇಕು. ನಾವು ಎಂತ ಮಾಡುವುದು ಹೇಳು? ಚಂದದ್ದು ಸುತ್ತ, ಹರಿದ ಎಲೆಯದ್ದೆಲ್ಲ ನಡುವೆ..."

ಐಸಮ್ಮ ನನ್ನ ಸೊಂಟ ಚಿವುಟಿದಳು. ಸೊಳ್ಳೆ ಎಂದುಕೊಂಡು ಕೊಡವಿ ಮುಂದುವರಿಸಿದೆ. ಹೇಳಿ ಮುಗಿಸುವಾಗ ಸಾಲಿನಲ್ಲಿ ಯಾರೂ ನಗುತ್ತಿರಲಿಲ್ಲ. ಸದಾನಂದ ತಲೆ ಎತ್ತಿದ್ದ. ಅವನದ್ದು ಬೆಕ್ಕಿನ ಕಣ್ಣು ಎಂದು ನನಗೆ ಗೊತ್ತಾದದ್ದೇ ಅವತ್ತು.

"ಕಮಲಕ್ಕ, ನೀವು ಮುಂದೆ ಬನ್ನಿ. ಸೈನ್ಯದ್ದು ಆಮೇಲೆ ನೋಡುವ," ಎಂದ.

ನನ್ನ ಒಂದು ಕಟ್ಟಿನ ನೂಲು ಬಿಚ್ಚಿದ. ನಡುವಿನಿಂದ ಏಳು ಬೀಡಿ ಆರಿಸಿ, ನಾನು ಹೇಳಿಕೊಟ್ಟ ಹಾಗೆಯೇ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಎರಡು ನಿಲ್ಲಲಾರದೆ ಬಿದ್ದವು.

"ಇವು ಹಾರ್ತದಾ ಅಕ್ಕ?"

"ಹಾರ್ಲಿಕ್ಕೆ ಯಾರು ಹೇಳಿದ್ದು? ಹೊಗೆ ಬಂದ್ರೆ ಆಯ್ತು."

"ಹೆಲಿಕಾಪ್ಟರಿನವನೂ ಹೀಗೇ ಹೇಳಿರ್ಬೇಕು," ಎಂದು ಏಳನ್ನೂ ಮೇಜಿನ ಕೆಳಗಿನ ಬುಟ್ಟಿಗೆ ತಳ್ಳಿದ. ನಲವತ್ತು ವರ್ಷದ ಮರ್ಯಾದೆ ಬುಟ್ಟಿಗೆ ಬೀಳುವಾಗ ಸದ್ದು ಕೂಡ ಆಗಲಿಲ್ಲ.

ಆಮೇಲೆ ಅವನು ಸಾಲಿನಲ್ಲಿದ್ದ ಎಲ್ಲರ ಕಟ್ಟನ್ನೂ ಬಿಚ್ಚಿದ. ಐಸಮ್ಮ ಗುರುವಾರದವರೆಗೆ ನನ್ನ ಜೊತೆ ಮಾತಾಡಲಿಲ್ಲ. ಗುರುವಾರ ಬೇಲಿಯ ಆಚೆಯಿಂದ, "ನಿಮ್ಮ ಹೆಲಿಕಾಪ್ಟರಿನ ದೆಸೆಯಿಂದ ನನ್ನ ಹನ್ನೊಂದು ಬೀಡಿ ಹೋಯ್ತು," ಎಂದಳು. ಹನ್ನೊಂದು! ನನ್ನದು ಬರೇ ಏಳು. ಅವತ್ತು ಎರಡು ದೋಸೆ ಹೆಚ್ಚೇ ತಿಂದೆ.

ಈಗ ನಡುವಿನದ್ದನ್ನೂ ಚಂದ ಮಾಡಿ ಕಟ್ಟಬೇಕು, ಟೀವಿ ಕಡೆ ಕಣ್ಣು ಹಾಕಲು ಪುರುಸೊತ್ತಿಲ್ಲ. ನಡುವಿನ ಹೆಲಿಕಾಪ್ಟರನ್ನು ಬಿಚ್ಚಿ ನೋಡಿದರೋ ಇಲ್ಲವೋ, ಇವತ್ತಿನವರೆಗೆ ಯಾರೂ ಹೇಳಿಲ್ಲ. ಅದನ್ನು ಮಾರಿದ ಕಡೆಯೂ ಎಲ್ಲ ತಿಳಿದ ಒಬ್ಬ ಬಾಯಿಬಡುಕಿ ಇದ್ದೇ ಇರುತ್ತಾಳೆ. ಅವಳ ಹಿಂದೆಯೂ ಒಬ್ಬಳು ಐಸಮ್ಮ ನಿಂತು ಚಿವುಟಿರುತ್ತಾಳೆ. ಅಲ್ಲಿಯವಳಿಗೆ ಅದು ತಾಗಿರಬೇಕು, ಬಾಯಿ ಮುಚ್ಚಿಕೊಂಡಳು. ನನ್ನ ಚರ್ಮವೇ ದಪ್ಪ.