ಖೋಲಿ ಒಣಗಿಸಿದ ಕೊಟ್ರಬಸಪ್ಪ

"ಕೇಳ್ ಇಲ್ಲೆ! ಜರ್ಮನಿ ಸೋಲೂದು ತಡಾ ಆಗಬೌದು. ನಮ್ಮ ಪಡಸಾಲಿ ಖೋಲ್ಯಾಗಿನ ಥಂಡಿ ಮಾತ್ರ ಶುಕ್ರವಾರದೊಳಗ ಸೋತಬಿಡತೈತಿ!"

ಹೆಂಡತಿ ಶೇಖರಮ್ಮನ ಮುಂದೆ ಹೀಗೆ ಯುದ್ಧ ಸಾರಿದವನು ಕುಕನೂರಿನ ಅರಿವೆ ವ್ಯಾಪಾರಿ ಕೊಟ್ರಬಸಪ್ಪ. ವರ್ಷವೆಲ್ಲ ಮುಗಿಲು ನೋಡುತ್ತ ಕೂರುವ ನಾಡು ಅದು. ಅಂಥಲ್ಲಿ ಆ ಶ್ರಾವಣದ ಜಿಟಿಜಿಟಿ ಮಳೆ ಮನೆ ಹೊಕ್ಕು, ಬಂದ ನೆಂಟನಂತೆ ಏಳುವ ಮಾತೇ ಎತ್ತಲಿಲ್ಲ. ಗೋಡೆಗೆ ಬೆನ್ನು ಆನಿಸಿದರೆ ಅಂಗಿ ಒದ್ದೆ. ಹಾಸಿಗೆಯಲ್ಲಿ ಮುಗ್ಗಲು ನಾತ. ಹಪ್ಪಳ ಎತ್ತಿದರೆ ಕರವಸ್ತ್ರದಂತೆ ಮಡಚಿಕೊಳ್ಳುತ್ತಿತ್ತು!

ಶುಕ್ರವಾರವೇ ಕುಷ್ಟಗಿಯ ವಿರೂಪಾಕ್ಷಮ್ಮ, ತನ್ನ ಮಗನಿಗೆಂದು ಇವರ ಮಗಳು ಕಳಕಮ್ಮನನ್ನು ನೋಡಲು ಬರುವವಳಿದ್ದಳು. ಒಂದು ಮನೆಯಲ್ಲಿ ಸಾರು ಸಪ್ಪಗಾಯಿತೆಂದೂ, ಇನ್ನೊಂದು ಮನೆಯಲ್ಲಿ ಹಾಸಿಗೆ ನಾರಿತೆಂದೂ ಎದ್ದು ಬಂದ ಹೆಂಗಸು! ಹುಡುಗನನ್ನು ನೆಂಟರ ಮದುವೆಯೊಂದರಲ್ಲಿ ಕಂಡಾಗಿನಿಂದ ಕಳಕಮ್ಮ ರೊಟ್ಟಿ ಸುಡುವಾಗಲೂ ನಗುತ್ತಿದ್ದಳು. ಈ ಸಂಬಂಧ ತಪ್ಪಿದರೆ ಆ ನಗುವೂ ಹೋದಂತೆಯೇ.

ದಾರಿ ತೋರಿಸಿದವನು ಯಲಬುರ್ಗಿಯ ಬೀಜದ ವ್ಯಾಪಾರಿ ಯಂಕೋಬ. ಪಡಸಾಲೆಯಲ್ಲಿ ಕೂತು ಹೇಳಿದ: "ಭಟ್ಟಿಯಿಂದ ಈಗಷ್ಟ ಇಳಿದ, ನೀರು ಮುಟ್ಟದ ಸುಣ್ಣದ ಕಲ್ಲು ತಂದು ಖೋಲ್ಯಾಗ ಇಡ್ರಿ. ಗಾಳ್ಯಾಗಿನ ನೀರೆಲ್ಲಾ ಅದಽ ಕುಡೀತೈತಿ. ಆದ್ರ ಕುಡದಂಗ ಉಬ್ಬತೈತಿ, ಕಾಯತೈತಿ. ಗಡಿಗಿ ಅರ್ಧಕ್ಕಿಂತ ತುಂಬಬ್ಯಾಡ್ರಿ, ಬರೇ ಕೈಲೆ ಮುಟ್ಟಬ್ಯಾಡ್ರಿ, ನೀರಂತೂ ಹತ್ರಕ್ಕ ಬಿಡಬ್ಯಾಡ್ರಿ. ಕೆಲಸ ಮುಗದ ಮ್ಯಾಲೆ ಹೊರಗ ತಗದಿಡ್ರಿ..."

'ಕುಡೀತೈತಿ' ಎಂಬಲ್ಲಿಗೇ ಕೊಟ್ರಬಸಪ್ಪ ಚಪ್ಪಲಿ ಮೆಟ್ಟಿ ಭಟ್ಟಿಯ ದಾರಿ ಹಿಡಿದಿದ್ದ. ಉಳಿದದ್ದನ್ನು ಯಂಕೋಬ ಕಂಬಕ್ಕೆ ಹೇಳಿದ. ಕಂಬದ ಹಿಂದೆ ಕಳಕಮ್ಮ ನಿಂತಿದ್ದಳು.

ಮನೆಯ ದೊಡ್ಡ ಮಣ್ಣಿನ ಹರವಿಗೆ ಗೋಪುರ ಏಳುವಂತೆ ಸುಣ್ಣದ ಕಲ್ಲು ಪೇರಿಸಿದ್ದಾಯಿತು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಚಿಂದಿ ತುರುಕಿದ್ದಾಯಿತು. ಮತ್ತೆ ಸುಳ್ಳೇಕೆ ಹೇಳಬೇಕು, ಖೋಲಿ ಒಣಗಿತು! ಗುರುವಾರ ಒಳಗಿಟ್ಟಿದ್ದ ಹಪ್ಪಳ ಲಟಕ್ಕನೆ ಮುರಿಯಿತು. ಆ ಚೂರನ್ನು ಕೊಟ್ರಬಸಪ್ಪ ಇಡೀ ಓಣಿಗೆ ತೋರಿಸಿ ಬಂದ.

"ಥಂಡಿ ಹೋತಲ್ಲ, ಇನ್ನ ಆ ಹರವಿ ಹಿತ್ತಲಕ್ಕ ಒಯ್ಯಿರಿ," ಎಂದಳು ಶೇಖರಮ್ಮ.

"ಹುಚ್ಚಿ! ಬೀಗರು ನೋಡಿ 'ಇದೇನ್ರಿ' ಅಂತ ಕೇಳಬೇಕು, ನಾ ಹೇಳಬೇಕು. ಹಿತ್ತಲ್ದಾಗ ಇಟ್ರ ಯಾರು ಕೇಳ್ತಾರ, ಎಮ್ಮಿ?"

ಶುಕ್ರವಾರ ವಿರೂಪಾಕ್ಷಮ್ಮ ಬಂದಳು, ಉಂಡಳು, ತೇಗಿದಳು. ವಿಶ್ರಾಂತಿಗೆಂದು ಅದೇ ಖೋಲಿ ಹೊಕ್ಕು ಹಾಸಿಗೆ ಮೂಸಿದಳು. ನಾತವಿಲ್ಲ! ಬೈಯಲು ಏನೂ ಸಿಗದೆ ಎಲೆ ಅಡಿಕೆಯ ಚೀಲ ಬಿಚ್ಚಿದಳು. ಕೊಟ್ರಬಸಪ್ಪ ಬಾಗಿಲ ಹೊರಗೆ ಕೆಮ್ಮುತ್ತ, ಆ ಒಂದು ಪ್ರಶ್ನೆಗಾಗಿ ಕಾಯುತ್ತಿದ್ದ.

ಆಕೆ ಕೇಳಲೇ ಇಲ್ಲ. ತಾನೇ ತಿಳಿದುಕೊಂಡಳು!

"ಅಬ್ಬಬ್ಬಾ! ಎಲಿ ಹಾಕ್ಕೊಳ್ಳೋರಿಗೆ ಹರವಿಗಟ್ಲೆ ಸುಣ್ಣ ಇಟ್ಟಾರಲ್ಲ! ಬೀಗರಂದ್ರ ಹಿಂಗಿರಬೇಕು. ಪಾಪ, ಒಣಗಿಬಿಟ್ಟೈತಿ," ಎಂದು ಕುಡಿಯಲು ಇಟ್ಟಿದ್ದ ತಂಬಿಗೆಯ ನೀರನ್ನೆಲ್ಲ ಹರವಿಗೆ ಸುರಿದಳು.

ಮೇಲಷ್ಟೇ ಪುಡಿ, ಒಳಗೆ ಇನ್ನೂ ಬಾಯಾರಿದ ಕಲ್ಲು. ಹರವಿ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಭುಸ್ ಎಂದಿತು! ಕೊತಕೊತ ಕುದಿಯಿತು! ಮೊಣಕಾಲು ನೋವೆಂದು ಊಟಕ್ಕೆ ಮಣೆಯ ಮೇಲೆ ಮಣೆ ಕೇಳಿದ್ದ ವಿರೂಪಾಕ್ಷಮ್ಮ ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿದಳು. ಹಿಂದೆಯೇ ಹರವಿ ಢಬ್ ಎಂದು ಒಡೆದು, ಬಿಳಿ ಹಬೆ ಬಾಗಿಲಿಂದ ಮೆರವಣಿಗೆ ಹೊರಟಿತು.

"ಬೆಂಕಿ! ಬೆಂಕಿ! ನೀರು ತರ್ರಿ!" ಎಂದು ಕೂಗಿದ ಕೊಟ್ರಬಸಪ್ಪ ತಾನೇ ತುಂಬಿದ ಕೊಡ ಎತ್ತಿ ಓಡಿದ.

ತಲೆ ಬಗ್ಗಿಸಿ ಮೂಲೆಯಲ್ಲಿ ಕೂತಿರಬೇಕಾದ ಕಳಕಮ್ಮ ಸೆರಗು ಕಟ್ಟಿ ಅಡ್ಡ ನಿಂತಳು.

"ಅಪ್ಪಾ, ಇಳಸು ಕೊಡಾ! ಈ ನೀರಽ ಅದಕ್ಕ ಬೆಂಕಿ! ಸರಿ ಆಕಡೆ!"

ಮುಖಕ್ಕೆ ಸೆರಗು ಹಿಡಿದು, ಅಂಗಳದ ಕಡೆಯಿಂದ ಕಿಟಕಿ ತಳ್ಳಿ ತೆರೆದಳು. ಬಂದು ಒಣ ಅರಿವೆಯಿಂದ ಬೀಗತಿಯ ಸೀರೆ ಝಾಡಿಸಿದಳು. "ಕಣ್ಣು ತಿಕ್ಕಬ್ಯಾಡ್ರಿ ಅತ್ತಿ! ಮದ್ಲ ಪುಡಿ ಹೋಗಲಿ, ಆಮ್ಯಾಲೆ ಧಾರಾಳ ನೀರು ಹಾಕ್ತೀನಿ."

'ಅತ್ತಿ' ಎಂಬ ಮಾತು ಬಾಯಿ ಜಾರಿತು.

ಹಬೆ ಅಡಗಿದಾಗ ಖೋಲಿಯ ಗೋಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಮುಖ ತೊಳೆದುಕೊಂಡ ವಿರೂಪಾಕ್ಷಮ್ಮ ಕಟ್ಟೆಯ ಮೇಲೆ ಕೂತು ಎಲ್ಲರನ್ನೂ ಒಮ್ಮೆ ನೋಡಿದಳು.

"ಹುಡುಗಿ ಭಾಳ ಶಾಣ್ಯಾಕಿ ಅದಾಳ," ಎಂದಳು.

ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿದ್ದ ಕೊಟ್ರಬಸಪ್ಪನ ಎದೆ ಉಬ್ಬಿತು. "ಯಾರ ಮಗಳ್ರಿ ಆಕಿ! ನನ್ನಽ ರಗತ!"

"ಹಂಗನ್ನಬ್ಯಾಡ್ರಿ ಬೀಗರ!" ವಿರೂಪಾಕ್ಷಮ್ಮ ಗಾಬರಿಯಾದಳು. "ತಾಯಿನ್ನ ಹೋಲತಾಳ ಅಂತ ನಂಬಿಕೊಂಡು ನಾ ಒಪ್ಪಿಗಿ ಕೊಡಾಕ ಹತ್ತೀನಿ!"