ಭಾಮೈದನ ಫ್ರೆಂಚ್ ಊರು

ನಮ್ಮ ಭಾಮೈದನಿಗೆ ಫ್ರಾನ್ಸ್ ದೇಶದಲ್ಲಿ ಒಂದು ಊರಿದೆ. ಆ ಊರಿನವರಿಗೆ ಮಾತ್ರ ಈ ವಿಷಯ ಇನ್ನೂ ತಿಳಿದಿಲ್ಲ!

ಊರಿನ ಹೆಸರು ಮೋಂಬ್ರೆಲ್. ನೂರು ಜನ ತುಂಬದ ಹಳ್ಳಿ. ಒಂದು ಚರ್ಚು, ಒಂದು ಹಳ್ಳ, ಲೆಕ್ಕವಿಲ್ಲದಷ್ಟು ದನ. ಭಾಮೈದ ಅಲ್ಲಿ ಹುಟ್ಟಲಿಲ್ಲ, ಅಲ್ಲಿಗೆ ಹೋಗಿಲ್ಲ, ಅವನಿಗೆ ಫ್ರೆಂಚ್ ಬರುವುದಿಲ್ಲ. ಆದರೂ ಅಮೆರಿಕದ ರಾಕ್‌ವಿಲ್‌ನ ಅವನ ಮನೆಯಲ್ಲಿ ಯಾರಾದರೂ ಅಪ್ಪಿತಪ್ಪಿ ಫ್ರಾನ್ಸ್ ಎಂದರೋ, ಮುಗಿಯಿತು! ಹಳೇ ಕ್ರಯಪತ್ರ ಓದುವವನ ಹಾಗೆ ಊರಿನ ಚಕ್ಕುಬಂದಿ ಶುರು. ಪೂರ್ವಕ್ಕೆ ಬೀಚ್ ಮರದ ಕಾಡು, ಪಶ್ಚಿಮಕ್ಕೆ ದನದ ಹುಲ್ಲುಗಾವಲು, ಉತ್ತರಕ್ಕೆ ಇನ್ನೊಂದು ಹಳ್ಳಿ, ದಕ್ಷಿಣಕ್ಕೆ ಹಳ್ಳ. ಆಮೇಲೆ ಕ್ರಾಂತಿಯಾದಾಗಿನಿಂದ ಇವತ್ತಿನವರೆಗೆ ಆಳಿದ ಮೇಯರ್‌ಗಳ ಹೆಸರು, ಒಬ್ಬರನ್ನೂ ಬಿಡದೆ. ಸ್ವಂತ ತಾತನ ಅಪ್ಪನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವ ಮನುಷ್ಯ!

ಈ ಹುಚ್ಚು ಹತ್ತಿದ್ದು ಕೋವಿಡ್ ಕಾಲದಲ್ಲಿ. ಊರೆಲ್ಲ ಮನೆಯಲ್ಲಿ ಕೂತು ಬ್ರೆಡ್ ಸುಡುತ್ತಿದ್ದಾಗ ಇವನು ತನ್ನ ಹುಟ್ಟೂರಿನ ಬಗ್ಗೆ ಇಂಟರ್‌ನೆಟ್ಟಿನ ವಿಶ್ವಕೋಶದಲ್ಲಿ ನಾಲ್ಕು ಸಾಲು ಬರೆದ. ಹುಟ್ಟೂರು ಹೊಂಗೆಕುಂಟೆ. ಒಂದು ಕಾಲಕ್ಕೆ ಬೆಂಗಳೂರಿನಿಂದ ಆಚೆ ಇದ್ದ ಹಳ್ಳಿ, ಈಗ ಬೆಂಗಳೂರಿನ ಹೊಟ್ಟೆಯೊಳಗೆ ಜೀರ್ಣವಾಗಿದೆ. ಬರೆದು ಒಂದು ಗಂಟೆಯಾಗಿರಲಿಲ್ಲ, ಯಾರೋ ಅಷ್ಟನ್ನೂ ಅಳಿಸಿ ಹಾಕಿದರು. ಕಾರಣ: ಆಧಾರ ಇಲ್ಲ.

"ಆಧಾರ ಅಂದ್ರೆ ಏನು ಭಾವ? ನಾನು ಹುಟ್ಟಿರೋದೇ ಆಧಾರ ಅಲ್ವಾ?"

"ನೀನು ಹುಟ್ಟಿದ್ದಕ್ಕೇ ಆಧಾರ ಕೇಳ್ತಾರೆ ಕಣೋ ಈ ದೇಶದಲ್ಲಿ," ಎಂದೆ ನಾನು.

ಹಾಗಾದರೆ ಒಂದು ಹಳ್ಳಿಯ ಬಗ್ಗೆ ಹೇಗೆ ಬರೆಯಬೇಕು ಎಂದು ಕಲಿಯಲು ಹುಡುಕಿದ. ಸಿಕ್ಕಿತು ಮೋಂಬ್ರೆಲ್. ಭೂಗೋಳಕ್ಕೆ ಒಂದು ಭಾಗ, ಇತಿಹಾಸಕ್ಕೆ ಒಂದು ಭಾಗ. ಚರ್ಚಿನ ಗಂಟೆಯನ್ನು ಯಾರು ಎರಕ ಹೊಯ್ದರು ಎನ್ನುವುದಕ್ಕೆ ಒಂದು ಸಾಲು. ಹೆಂಗಸರು ಬಟ್ಟೆ ಒಗೆಯುತ್ತಿದ್ದ, ಮೇಲೆ ಸೂರಿದ್ದ ಕಲ್ಲಿನ ಕಟ್ಟೆಗೆ ಒಂದು ಪೂರ್ತಿ ಪ್ಯಾರಾ! ಪ್ರತಿ ವಾಕ್ಯದ ಬಾಲಕ್ಕೂ ಒಂದೊಂದು ಆಧಾರ. ಅವತ್ತು ಇವನ ಹೊಟ್ಟೆಯಲ್ಲಿ ಎದ್ದ ಉರಿ ಇನ್ನೂ ಆರಿಲ್ಲ. ತನ್ನ ಊರಿಗೂ ಇಂಥದ್ದೊಂದು ಪುಟ ಆಗಬೇಕು, ಯಾರೂ ಅಳಿಸಲಾಗದಂಥದ್ದು. ಅಷ್ಟೇ ಅವನ ಆಸೆ. ಅದು ಆಗುವ ತನಕ ಪಾಠಕ್ಕೆಂದು ಮೋಂಬ್ರೆಲ್‌ನಲ್ಲಿ ಬಿಡಾರ ಹೂಡಿದ. ಬಿಡಾರ ಮನೆಯಾಯಿತು.

ಬೆಳಿಗ್ಗೆ ಕಾಫಿ ಹಿಡಿದು ಕಂಪ್ಯೂಟರಿನಲ್ಲಿ ಆ ಊರಿನ ಬೀದಿಗಳಲ್ಲಿ ಒಂದು ಸುತ್ತು ವಾಕಿಂಗ್. ರಸ್ತೆಯ ಫೋಟೋಗಳಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಾ ನಿಂತಿದ್ದಾಳೆ. ಮುಖ ಮಬ್ಬು ಮಾಡಿದ್ದಾರೆ. ಇವನು ಆಕೆಗೆ ದಿನಾ ನಮಸ್ಕಾರ ಮಾಡಿ ಮುಂದೆ ಹೋಗುತ್ತಾನೆ.

"ಇವತ್ತು ಯಾಕೋ ಮೇಡಮ್ ಬೇಜಾರಲ್ಲಿದಾರೆ ಭಾವ."

"ಮುಖಾನೇ ಇಲ್ವಲ್ಲೋ!"

"ನಿಂತಿರೋ ರೀತೀಲಿ ಗೊತ್ತಾಗತ್ತೆ."

ಮೂರು ವರ್ಷದಿಂದ ಅದೇ ಫೋಟೋ, ಸ್ವಾಮಿ! ಆಕೆ ಅದೇ ಬೆಡ್‌ಶೀಟು ಹಿಡಿದು ನಿಂತಿದ್ದರೆ ಬೇಜಾರಾಗದೆ ಇರುತ್ತದೆಯೇ?

ಒಂದು ಭಾನುವಾರ ಹತ್ತಿರದ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋಗಿದ್ದೆವು. ಇವನು ಅರ್ಚನೆ ಚೀಟಿ ಹಿಡಿದು ಸಾಲಿನಲ್ಲಿ ನಿಂತ. ಅರ್ಚಕರು, "ಯಾರ ಹೆಸರಲ್ಲಿ?" ಎಂದರು.

"ಮೋಂಬ್ರೆಲ್ ಗ್ರಾಮಸ್ಥರ ಹೆಸರಲ್ಲಿ. ಅಲ್ಲಿ ಮಳೆ ಜಾಸ್ತಿಯಾಗಿ ಹಳ್ಳ ಉಕ್ಕಿದೆ."

ಅರ್ಚಕರು ಸಾಫ್ಟ್‌ವೇರಿನವರ ನೂರೆಂಟು ಹರಕೆ ಕಂಡವರು. ರೆಪ್ಪೆ ಕೂಡ ಮಿಟುಕಿಸಲಿಲ್ಲ. "ಗೋತ್ರ?"

ಭಾಮೈದ ಕಕ್ಕಾಬಿಕ್ಕಿ. ಹಿಂದೆ ನಿಂತಿದ್ದ ನಾನು ಸುಮ್ಮನಿರುವವನೇ? "ಗೊತ್ತಿಲ್ಲದವರಿಗೆ ಶಿವಗೋತ್ರ ಹೇಳ್ತಾರಲ್ಲ, ಅದೇ ಹಾಕಿಬಿಡಿ. ನಕ್ಷತ್ರ ಬೇಕಾದರೆ ಮೇಯರ್‌ಗೆ ಫೋನ್ ಮಾಡಿ ಕೇಳೋಣ!" ಎಂದೆ. ಅರ್ಚನೆ ಸಾಂಗವಾಗಿ ನಡೆಯಿತು. ಎರಡು ದಿನಕ್ಕೆ ಹಳ್ಳ ಇಳಿಯಿತಂತೆ. ಈಗ ಆ ಊರಿನ ಪ್ರತಿ ಸೀನಿಗೂ ಲ್ಯಾನ್‌ಹ್ಯಾಮ್‌ನಲ್ಲಿ ತೆಂಗಿನಕಾಯಿ!

ನಾನು ಕೀಟಲೆಯಲ್ಲಿ ಎಂಥವನು ಎಂದು ನಿಮಗೆ ಹೇಳಲಿಲ್ಲ. ಮೈಸೂರಿನಲ್ಲಿದ್ದಾಗ ನಮ್ಮ ಆಫೀಸಿನ ಮ್ಯಾನೇಜರಿಗೆ ಅವರದೇ ವರ್ಗಾವಣೆ ಪತ್ರ ಟೈಪು ಮಾಡಿ ಕೊಟ್ಟು, ಅವರು ಸಾಮಾನು ಕಟ್ಟಿದ ಮೇಲೆ ಹರಿದುಹಾಕಿದವನು ನಾನು. ಇಂಥ ಕೈ ಸುಮ್ಮನೆ ತುಕ್ಕು ಹಿಡಿಯಬಹುದೇ? ಭಾಮೈದನ ಮಗಳು ಹೈಸ್ಕೂಲಿನಲ್ಲಿ ಫ್ರೆಂಚ್ ಓದುತ್ತಾಳೆ. ಅವಳನ್ನು ಗುಟ್ಟಾಗಿ ಕರೆದು, ಮೋಂಬ್ರೆಲ್ ಮೇಯರ್ ಬರೆದಂತೆ ಒಂದು ಪತ್ರ ಬರೆಸಿದೆ. ತಮ್ಮ ಅಭಿಮಾನಕ್ಕೆ ಮೆಚ್ಚಿ ಊರಿನ ಬಟ್ಟೆ ಒಗೆಯುವ ಕಟ್ಟೆಗೆ ತಮ್ಮ ಹೆಸರಿಡಲು ತೀರ್ಮಾನಿಸಿದ್ದೇವೆ ಎಂದು.

"ಮಾವ, ದಿಸ್ ಈಸ್ ಸೋ ಮೀನ್!" ಎಂದಳು. ಒಂದು ಕ್ಷಣ ಬಿಟ್ಟು, "ನಾನು ಸ್ಟ್ಯಾಂಪ್ ಡ್ರಾ ಮಾಡ್ಲಾ?"

ಸಹವಾಸ ಎಲ್ಲಿ ಹೋಗುತ್ತದೆ! ನಮ್ಮ ಮನೆಯ ಹುಡುಗಿ!

ಪತ್ರ ಅವನ ಮೇಲ್‌ಬಾಕ್ಸಿಗೆ ಬಿತ್ತು. ಓದಿದ. ಮಡಿಸಿದ. ಶಾಂತವಾಗಿ ನನ್ನ ಕೈಗಿಟ್ಟ.

"ಭಾವ, ಸಹಿ ಮಾಡಿರೋ ಮೇಯರ್ ಹೋದ ಎಲೆಕ್ಷನ್ನಲ್ಲೇ ಸೋತ್ರು."

ಐವತ್ತು ವರ್ಷದ ವೃತ್ತಿಜೀವನದಲ್ಲಿ ನನಗೆ ಇಷ್ಟು ಅವಮಾನ ಆಗಿರಲಿಲ್ಲ.

"ಅಷ್ಟು ಪ್ರೀತಿ ಇದ್ದರೆ ಒಂದ್ಸಲ ಹೋಗಿ ಬಾರೋ. ಏಳೆಂಟು ಗಂಟೆ ಫ್ಲೈಟು," ಎಂದು ಒಮ್ಮೆ ಕೇಳಿದ್ದೆ.

"ಬೇಡ ಭಾವ," ಎಂದ. "ಹೊಂಗೆಕುಂಟೆಗೂ ಹೀಗೇ ಆಸೆಯಿಂದ ಹೋಗಿದ್ದೆ. ಫ್ಲೈಓವರ್ ಕೆಳಗೆ ನಿಂತ್ಕೊಂಡು, ನಮ್ಮನೆ ಯಾವ ಕಂಬದ ಹತ್ರ ಇತ್ತು ಅಂತ ಲೆಕ್ಕ ಹಾಕ್ತಾ ಇದ್ದೆ. ಟ್ರಾಫಿಕ್ ಪೊಲೀಸ್ನೋರು ಆಚೆ ಕಳಿಸಿದ್ರು."

ಆಮೇಲೆ ನಾನು ಫ್ಲೈಟಿನ ಮಾತು ಎತ್ತಲಿಲ್ಲ.

ಅವನಿಗೆ ಬೇಕಾಗಿದ್ದುದು ಸಾಕ್ಷಿ. ಊರಿನಲ್ಲಿ ಈಶ್ವರನ ಗುಡಿಯ ಹಿಂದೆ ಒಂದು ಕಲ್ಯಾಣಿ ಇತ್ತು, ಕಲ್ಲಿನ ಮೆಟ್ಟಿಲಿನದು, ಎಂದು ಅವನ ನೆನಪು. ಪುಟದಲ್ಲಿ ಅದಕ್ಕೆ ಒಂದು ಪ್ಯಾರಾ ಆಗಲೇಬೇಕು. ಆದರೆ ಒಂದು ಫೋಟೋ ಇಲ್ಲ, ಒಂದು ಕಾಗದ ಇಲ್ಲ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಇದ್ದಿದ್ದರೆ ಕಲ್ಯಾಣಿ ಏನು, ಅದರಲ್ಲಿದ್ದ ಕಪ್ಪೆಗಳ ಹೆಸರನ್ನೂ ಹೇಳುತ್ತಿದ್ದಳು. ಅವಳು ಕೋವಿಡ್‌ಗೆ ಮುಂಚೆಯೇ ಹೊರಟುಹೋದಳು. ಅವಳು ಇದ್ದಾಗ ಇವನಿಗೆ ಕೇಳಬೇಕೆಂದು ತೋಚಲಿಲ್ಲ. ಇರುವವರನ್ನು ಯಾರು ಕೇಳುತ್ತಾರೆ, ಹೇಳಿ?

ಹೋದ ವರ್ಷ ಅಟ್ಲಾಂಟಾ ಹತ್ತಿರದ ಅಲ್ಫರೆಟಾದಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶ. "ಬೆಂಗಳೂರಿನೋರು ನೂರು ಜನ ಬರ್ತಾರೆ ಭಾವ. ಒಬ್ಬರಿಗಾದ್ರೂ ಗೊತ್ತಿರಲ್ವಾ?" ಎಂದು ನೋಟ್‌ಬುಕ್ ಹಿಡಿದು ಹೊರಟ. ಕಾರಿನಲ್ಲಿ ಹತ್ತು ಗಂಟೆಯ ಹಾದಿ. ವರ್ಜೀನಿಯಾ ದಾಟುವವರೆಗೆ ಮೋಂಬ್ರೆಲ್‌ನ ಇತಿಹಾಸ, ನಾರ್ತ್ ಕೆರೊಲೈನಾ ಪೂರ್ತಿ ಅದರ ಭೂಗೋಳ. ಸೌತ್ ಕೆರೊಲೈನಾದಲ್ಲಿ ನಾನು ನಿದ್ದೆ ಬಂದವನಂತೆ ನಟಿಸಿದೆ. ಅವನು ನನ್ನ ಸೀಟನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ದನಿ ತಗ್ಗಿಸಿ ಮುಂದುವರಿಸಿದ!

ಗೃಹಪ್ರವೇಶದ ಊಟಕ್ಕೆ ಬಾಡಿಗೆ ಕುರ್ಚಿ ಹಾಕಿದ್ದರು. ಪಕ್ಕದಲ್ಲಿ ಕೂತ ಹುಡುಗ ಮರ್ಯಾದೆಗೆ ಕೇಳಿದ, "ಅಂಕಲ್, ನಿಮ್ಮ ನೇಟಿವ್ ಯಾವ್ದು?"

"ಹೊಂಗೆಕುಂಟೆ."

"ಓ! ಹೊಂಗೆಕುಂಟೆ ಸಿಗ್ನಲ್! ನಮ್ಮ ಆಫೀಸ್ ಅಲ್ಲೇ ಇತ್ತು ಅಂಕಲ್!"

"ಸಿಗ್ನಲ್ಲಾ?" ಎಂದಳು ಎದುರಿಗಿದ್ದ ಹುಡುಗಿ. "ಅಯ್ಯೋ, ನನ್ನ ಅರ್ಧ ಲೈಫ್ ಅಲ್ಲೇ ಹೋಯ್ತು. ಕ್ಯಾಬಲ್ಲೇ ಮೇಕಪ್ ಮಾಡ್ಕೊಂಡು, ಕ್ಯಾಬಲ್ಲೇ ಮೀಟಿಂಗ್ ಅಟೆಂಡ್ ಮಾಡ್ತಿದ್ದೆ!"

ಇಡೀ ಸಾಲೇ ಎದ್ದುಬಿಟ್ಟಿತು. ಒಬ್ಬನಿಗೆ ಅಲ್ಲಿಯ ಮೋಮೋ ಅಂಗಡಿ ಗೊತ್ತು, ಇನ್ನೊಬ್ಬಳಿಗೆ ಪಿಜಿ ಗೊತ್ತು. ಮದುವೆಯಾದ ಒಂದು ಜೋಡಿಗೆ ಮೊದಲು ಕಣ್ಣು ಕೂಡಿದ್ದೇ ಆ ಸಿಗ್ನಲ್ಲಿನಲ್ಲಂತೆ, ಕೆಂಪು ದೀಪದ ಕೃಪೆ! ಅಮೆರಿಕದಲ್ಲಿ ತನ್ನ ಊರು ಇಷ್ಟು ಜನಕ್ಕೆ ಗೊತ್ತಿದೆಯೆಂದು ಭಾಮೈದ ಕನಸಿನಲ್ಲೂ ಎಣಿಸಿರಲಿಲ್ಲ. ಆಸೆಯಿಂದ ನೋಟ್‌ಬುಕ್ ತೆಗೆದ.

"ಅಲ್ಲೊಂದು ಕಲ್ಯಾಣಿ ಇತ್ತು. ಗುಡಿ ಹಿಂದೆ. ಯಾರಾದ್ರೂ ಕೇಳಿದೀರಾ?"

"ಕಲ್ಯಾಣಿನಾ? ಅದು ಅಪಾರ್ಟ್‌ಮೆಂಟ್ ಹೆಸರಾ ಅಂಕಲ್?"

ಅಷ್ಟರಲ್ಲಿ ಪಲ್ಯ ಬಡಿಸುತ್ತಿದ್ದ ಒಬ್ಬ ನಿಂತ. ಅವನ ಅಪ್ಪನಿಗೆ ಆ ಊರಿನಲ್ಲೇ ಜಮೀನಿತ್ತಂತೆ. "ಕಲ್ಯಾಣಿ ಗಿಲ್ಯಾಣಿ ಏನೂ ಇರ್ಲಿಲ್ಲ ಬಿಡಿ ಸಾರ್. ಒಂದು ಕೆಸರು ಹೊಂಡ ಇತ್ತು ಅಂತ ಅಪ್ಪ ಹೇಳ್ತಿದ್ರು. ಮಣ್ಣು ಹಾಕ್ಸಿ ಲೆವೆಲ್ ಮಾಡಿದ್ದು ಅವರೇ." ಹೇಳಿ, ಇವನ ಎಲೆಗೆ ಬೀನ್ಸ್ ಪಲ್ಯ ಬಡಿಸಿ ಮುಂದೆ ಹೋದ.

ಭಾಮೈದ ನೋಟ್‌ಬುಕ್ ಮುಚ್ಚಿದ.

ಮಾರನೆಯ ದಿನ ವಾಪಸು ಹೊರಟಾಗ ಅಟ್ಲಾಂಟಾದಿಂದ ಸೌತ್ ಕೆರೊಲೈನಾವರೆಗೆ ಅವನು ಒಂದು ಮಾತಾಡಲಿಲ್ಲ. ಮೇಯರ್ ಇಲ್ಲ, ಚರ್ಚಿಲ್ಲ, ದನ ಇಲ್ಲ. ಮೂರು ವರ್ಷ ಬಾಯಿ ಮುಚ್ಚೋ ಎಂದು ಗೋಗರೆದಿದ್ದ ನನಗೆ ಆ ಮೌನ ತಡೆಯಲಾಗಲಿಲ್ಲ. "ಮೋಂಬ್ರೆಲ್‌ನಲ್ಲಿ ಹವಾಮಾನ ಹೇಗಿದೆಯೋ?" ಎಂದು ನಾನೇ ಕೇಳಿದೆ, ನೋಡಿ, ಯಾವ ಗತಿ ಬಂತು!

ಅವನು ಉತ್ತರ ಕೊಡದೆ ಒಂದು ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದ. ಬೆಂಚಿನ ಮೇಲೆ ಗೃಹಪ್ರವೇಶದ ಮನೆಯವರು ಕಟ್ಟಿಕೊಟ್ಟ ಪುಳಿಯೋಗರೆ ಬಿಚ್ಚಿದ. ತಿನ್ನಲಿಲ್ಲ.

"ಭಾವ, ಕಣ್ಣು ಮುಚ್ಚಿದ್ರೆ ನನಗೆ ಈಗ ಮೋಂಬ್ರೆಲ್ ಕಟ್ಟೆನೇ ಕಾಣತ್ತೆ. ನಮ್ಮ ಕಲ್ಯಾಣಿ ಬರೋದೇ ಇಲ್ಲ. ಅದನ್ನ ನೋಡಿ ನೋಡಿ ಇದನ್ನ ನಾನೇ ಕಟ್ಕೊಂಡೆನಾ ಅಂತ ಅನುಮಾನ."

"ಲೋ, ನನ್ನನ್ನ ಯಾಕೆ ಕೇಳಲಿಲ್ಲ? ನನ್ನ ಮದುವೆ ಆಗಿದ್ದೇ ಆ ಊರಲ್ಲಿ."

"ನಿಮ್ಮನ್ನ ಕೇಳೋಕೇ ಹೆದರಿಕೆ. ನನ್ನ ಖುಷಿಗೆ ಇಲ್ಲದ್ದೂ ಇತ್ತು ಅಂತೀರಿ. ತಮಾಷೆಗೆ ಇದ್ದದ್ದೂ ಇಲ್ಲ ಅಂತೀರಿ." ಪುಳಿಯೋಗರೆಯನ್ನು ನನ್ನ ಕಡೆ ತಳ್ಳಿದ. "ಒಂದೇ ಒಂದ್ಸಲ ಭಾವ, ನಿಜ ಹೇಳಿ. ಇತ್ತಾ?"

ಎಂಥ ಪೇಚು! ಊರಿಗೆಲ್ಲ ಟೋಪಿ ಹಾಕಿದವನೆಂದು ಮೀಸೆ ತಿರುವಿದ ನನ್ನ ಬಾಯಿಂದ ಒಂದು ನಿಜ ಬೇಕಂತೆ. ನಿಜ ನನ್ನ ಹತ್ತಿರ ಇತ್ತು. ಅದನ್ನು ಹೇಳಿದರೆ ಮೀಸೆ ಉಳಿಯುವುದಿಲ್ಲ ಎಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಅಷ್ಟೆ.

"ಮದುವೆ ಮಾರನೇ ದಿನ ಬೆಳಿಗ್ಗೆ," ಎಂದೆ, "ಯಾವನೋ ಎಂಟು ವರ್ಷದ ಪೋರ ನನ್ನ ಹೊಸ ಚಪ್ಪಲಿ ಒಂದನ್ನ ಎತ್ಕೊಂಡು ಹೋಗಿ ಕಲ್ಯಾಣಿಗೆ ಎಸೆದ."

ಅವನು ತಲೆ ಎತ್ತಿದ. ಬಾಯಿ ತೆರೆದಿತ್ತು.

"ನಾನು ಸಿಲ್ಕ್ ಪಂಚೆ ಎತ್ತಿ ಕಟ್ಟಿ ಇಳಿದೆ. ನಾಲ್ಕು ಮೆಟ್ಟಿಲು ಎಣಿಸಿದೆ. ಐದನೇದು ಇತ್ತು ಅಂತ ಸೊಂಟಕ್ಕೆ ತಗುಲಿದ ಮೇಲೆ ಗೊತ್ತಾಯ್ತು."

"ಪಾಚಿ ಇತ್ತಾ?"

"ಇಲ್ಲದೆ ಬಿದ್ನೇನೋ?"

"ಕಲ್ಲಿನ ಮೆಟ್ಟಿಲಾ ಭಾವ? ಮಣ್ಣಲ್ಲ?"

"ಮಣ್ಣಾಗಿದ್ರೆ ಚಳಿಗಾಲದಲ್ಲಿ ಇನ್ನೂ ಈ ಸೊಂಟ ಯಾಕೆ ಹಿಡ್ಕೊಳ್ತಿತ್ತು? ಕಲ್ಲು. ಚಪ್ಪಡಿ ಕಲ್ಲು. ತಣ್ಣಗೆ ಕೊರೆಯೋ ನೀರು. ಎದ್ದು ನೋಡ್ತೀನಿ, ಮೇಲ್ಗಡೆ ನಿಮ್ಮಕ್ಕ. ಬಾಯಿಗೆ ಸೆರಗು ಒತ್ತಿ ಹಿಡಿದು, ನಗು ತಡೆಯೋಕಾಗದೆ ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟಳು." ನಾನು ಪುಳಿಯೋಗರೆ ಕಡೆ ನೋಡಿದೆ. "ಮಂಟಪದಲ್ಲಿ ಹೊಗೆ, ಜನ. ಅವಳ ಮುಖ ನಾನು ಸರಿಯಾಗಿ ನೋಡಿದ್ದು ಅವಾಗಲೇ."

ಭಾಮೈದ ನೋಟ್‌ಬುಕ್ ತೆಗೆದು ಬರೆಯಲು ಶುರು ಮಾಡಿದ. ಲಾರಿಗಳು ಬಂದವು, ಹೋದವು. ಅವನು ತಲೆ ಎತ್ತಲಿಲ್ಲ. ಒಂದು ಪೂರ್ತಿ ಪ್ಯಾರಾ ಆಯಿತು. ಕೊನೆಗೆ 'ಆಧಾರ' ಎಂದು ಬರೆದು, ಅದರ ಮುಂದೆ ಪೆನ್ನು ನಿಲ್ಲಿಸಿದ.

"ಬರಿಯೋ," ಎಂದೆ. "ಬಿದ್ದವನೇ ಹೇಳಿದ್ದು ಅಂತ ಬರಿ."

ನಗದೆ ಹಾಗೆಯೇ ಬರೆದುಕೊಂಡ, ನನ್ನ ಪೂರ್ತಿ ಹೆಸರಿನ ಸಮೇತ. ಆಮೇಲೆ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟ.

"ನೋಡಿದವಳ ಹೆಸರು ನೀವೇ ಬರೀರಿ ಭಾವ."

ಅವಳ ಹೆಸರನ್ನು ನಾನು ಕೈಯಲ್ಲಿ ಬರೆದು ಎಷ್ಟೋ ವರ್ಷವಾಗಿತ್ತು. ಮೂರೇ ಅಕ್ಷರ. ಬರೆಯಲು ಬಹಳ ಹೊತ್ತು ಹಿಡಿಯಿತು.