ಮಾಳಿಗಿ ಮ್ಯಾಲಿನ ಮಲ್ಲಿಗಿ

ಬಡಾಯಿ ಕೊಚ್ಚುವವರಿಗೆ ದೇವರು ಬೇರೆಯೇ ಪರೀಕ್ಷೆ ಇಟ್ಟಿರುತ್ತಾನೆ. ನನಗಂತೂ ಅವು ಸಾಲಾಗಿ ಬರುತ್ತವೆ. ಈ ಸಲ ಬಂದದ್ದು ಹೂವಿನ ಕುಂಡದೊಳಗಿಂದ.

ನಾನು ಹಿರೇಕೆರೂರು ಕಡೆಯ ಒಕ್ಕಲುತನದ ಮನೆಯವನು. ಶಿಗ್ಗಾಂವಿಯ ಗೊಬ್ಬರದ ಅಂಗಡಿಯಲ್ಲಿ ಕೆಲಸ, ಮಾಳಿಗೆ ಮೇಲೆ ಬಾಡಿಗೆ ಕೋಣೆ, ಕೋಣೆ ಮುಂದೆ ಒಂದಿಷ್ಟು ಬಯಲು. ಅಕ್ಕ ಬಸುರಿ ಎಂದು ತಿಳಿದು ಸೀಮಂತದ ಮಾತು ಬಂದಾಗ ಅವಳ ಅತ್ತೆಯ ಎದುರೇ ಸಾರಿಬಿಟ್ಟೆ: "ಕುಬುಸಕ್ಕ ಅಕ್ಕನ ಜಡಿಗೆ ಮೊಗ್ಗಿನ ದಂಡಿ ಪ್ಯಾಟಿಯಿಂದ ತರೂದ ಬ್ಯಾಡ್ರಿ. ನಾ ಕುಂಡದಾಗ ಮಲ್ಲಿಗಿ ಬೆಳಸ್ತೇನಿ."

ಆಕೆ ತಣ್ಣಗೆ ಅಂದಳು: "ಆತಪಾ. ಮಲ್ಲಿಗಿ ಬರಲಿಲ್ಲಂದ್ರ ಗೋವಿನಜೋಳದ ತೆನೀನ ಮುಡಸೂಣು."

ನಮ್ಮ ಹೊಲದ ಮಣ್ಣು

ಕಂಡವರ ಮಣ್ಣಿನಲ್ಲಿ ನಮ್ಮ ಮಲ್ಲಿಗೆ ಬೆಳೆಯುವುದೇ? ಹೊಲದ ಎರೆಮಣ್ಣನ್ನು ಚೀಲ ತುಂಬಿ ಬಸ್ಸಿಗೆ ಏರಿಸಿದೆ.

"ಏನೈತಿ ಇದರಾಗ?" ಅಂದ ಕಂಡಕ್ಟರ್.

"ಮಣ್ಣ್ರಿ."

"ಯಾಕ, ಶಿಗ್ಗಾಂವ್ಯಾಗ ಮಣ್ಣಿಲ್ಲೇನು?"

"ಐತ್ರಿ. ನಮ್ಮ ಹೊಲದಂಥಾದ್ದಿಲ್ಲ."

ಲಗೇಜ್ ಟಿಕೆಟ್ ಹರಿದು ಕೊಟ್ಟ. ಮಲ್ಲಿಗೆ ಸಸಿ ನೆಟ್ಟ ಕುಂಡದಲ್ಲಿ ಆ ಮಣ್ಣು ಒಣಗಿ ಇಟ್ಟಂಗಿಯಾಯಿತು. ಹಾಕಿದ ನೀರೆಲ್ಲ ಕಪ್ಪು ಕೆಸರಾಗಿ ಬಿರುಕಿನಿಂದ ಇಳಿದು, ಕೆಳಗೆ ಮನೆ ಮಾಲಕಿ ಅಜ್ಜಿ ಒಣಹಾಕಿದ್ದ ಸಂಡಿಗೆ ಮೇಲೆ ಹನಿಯಿತು. ನೆರೆಮನೆಯಾಕೆ ಇಣುಕಿ ನೋಡಿ, "ಈ ವರ್ಷ ರಾಗಿ ಸಂಡಿಗಿ ಮಾಡೀರೇನ್ರಿ?" ಅಂತ ಕೇಳಿದಳು.

ಅನುಭವದ ಮಾತು

ಗಿಡ ಏಳದಿದ್ದಾಗ ಗೋವಿನಜೋಳಕ್ಕೆ ಕೊಟ್ಟಂತೆ ಹಿಡಿ ತುಂಬ ಯೂರಿಯಾ ಕೊಟ್ಟೆ. ಗೊಬ್ಬರದ ಅಂಗಡಿಯವನ ಕೈ, ಸಣ್ಣದಾಗುತ್ತದೆಯೇ? ವಾರದೊಳಗೆ ಎಲೆಯೆಲ್ಲ ಸುಟ್ಟು ಸುರುಟಿದವು. ಅಜ್ಜಿ ಒಂದೆಲೆ ಮುರಿದು ನೋಡಿದಳು.

"ತಮ್ಮಾ, ಗಿಡಾ ನಟ್ಟಿಯೋ ಹಪ್ಪಳಾ ಕರದಿಯೋ?"

ಅದೇ ದಿನ ಅಂಗಡಿಗೆ ಬಂದ ರೈತರೊಬ್ಬರು ಯೂರಿಯಾ ಎಷ್ಟು ಹಾಕಬೇಕೆಂದು ಕೇಳಿದರು. ನಾನು ಗಂಭೀರವಾಗಿ, "ಅಳತಿ ಮೀರಬ್ಯಾಡ್ರಿ ಯಜಮಾನ್ರ. ನಮ್ದು ಭಾಳ ವರ್ಷದ ಅನುಭವ ಐತಿ," ಅಂದೆ.

ಕಟಿಂಗ್

ಮತ್ತೆ ಹೊಸ ಸಸಿ ತಂದು, ಅಜ್ಜಿ ಹೇಳಿದಂತೆ ಮರಳು, ಸಗಣಿಗೊಬ್ಬರ ಕಲಸಿ ನೆಟ್ಟೆ. ಗಿಡ ಸೊಕ್ಕಿ ಬೆಳೆದವು. ಎಲೆಯೋ ಎಲೆ. ಮೊಗ್ಗು ಮಾತ್ರ ಇಲ್ಲ. ಕುಬುಸ ಹತ್ತಿರ ಬರುತ್ತಿತ್ತು.

"ತುದಿ ಕತ್ತರಸೋ, ಮೊಗ್ಗ ಒಡೀತಾವು," ಅಂದಳು ಅಜ್ಜಿ.

"ನೋಡಬೇ ಅಜ್ಜಿ, ಒಕ್ಕಲಿಗನ ಮಗ ಎದ್ದ ಬೆಳೀಗೆ ಕತ್ತರಿ ಹಚ್ಚಂಗಿಲ್ಲ."

ಸಂಕ್ರಾಂತಿಗೆಂದು ಊರಿಗೆ ಹೋಗಿ ಬಂದೆ. ಅಜ್ಜಿಯ ಆಡು ಹಗ್ಗ ಬಿಚ್ಚಿಕೊಂಡು ಮಾಳಿಗೆ ಹತ್ತಿ, ಎಲ್ಲ ಕುಂಡ ಮೇಯ್ದು, ಮೋಟು ಕಡ್ಡಿಗಳ ನಡುವೆ ಮಲಗಿ ಮೆಲುಕು ಹಾಕುತ್ತಿತ್ತು. ನಾನು ಅಂಗಡಿಗೂ ಹೋಗದೆ ಗೋಡೆಗೊರಗಿ ಕುಳಿತೆ. ಅಕ್ಕನ ತಲೆಯಲ್ಲಿ ಗೋವಿನಜೋಳದ ತೆನೆ ತೂಗಾಡುವುದೇ ಕಣ್ಣಿಗೆ ಕಟ್ಟಿತು.

ಆದರೆ ಆ ಕಡ್ಡಿಗಳು ಚಿಗುರಿದವು. ಚಿಗುರಿನ ತುದಿಗೆಲ್ಲ ಮೊಗ್ಗು. ಹೋಳಿ ಮುಗಿದ ಮೇಲೆ ಬಂದ ಕುಬುಸದಲ್ಲಿ ಅಕ್ಕನ ಜಡೆ ತುಂಬ ನನ್ನವೇ ಮಲ್ಲಿಗೆ. ಅಕ್ಕನ ಅತ್ತೆ ದಂಡಿ ಮುಟ್ಟಿ ಮುಟ್ಟಿ ನೋಡಿ, "ಇಷ್ಟ ಮೊಗ್ಗ ಹೆಂಗ ಬಂದೂ ತಮ್ಮಾ?" ಅಂದಳು.

ನಾನು ಮೀಸೆ ತಿರುವಿದೆ. "ಎಲ್ಲಾ ಕಟಿಂಗ್‌ದಾಗ ಐತ್ರಿ. ಯಾವಾಗ ಕತ್ತರಸಬೇಕು, ಎಲ್ಲೀತನಾ ಕತ್ತರಸಬೇಕು, ಅದು ಎಲ್ಲಾರಿಗೂ ಬರಂಗಿಲ್ಲ."

ಉಡಿ ತುಂಬಲು ಶಿಗ್ಗಾಂವಿಯಿಂದ ಬಂದಿದ್ದ ಅಜ್ಜಿ ಹಿಂದಿನಿಂದ ಅಂದಳು: "ಖರೇ ಐತ್ರಿ. ಆ ಕಟಿಂಗ್ ಮಾಡಿದಾಕಿನ್ನೂ ಕರಕೊಂಡ ಬರಬೇಕಂತ ಬಸ್‌ಸ್ಟ್ಯಾಂಡಿನ ತನಕಾ ತಂದಿದ್ದೆ. ಕಂಡಕ್ಟರ್ ಹತ್ತಸಗೊಡಲಿಲ್ಲ. ಮಣ್ಣಿನ ಚೀಲಾದ್ರ ನಡೀತೈತಿ, ಆಡು ಬ್ಯಾಡ ಅಂದ."